ಐದನೆಯ ದಿನದ ಗಂಗಾಳ

ನಾಚಿಕೆಯ ಮಾತು ಹೇಳುವಾಗ ಜನ ಅರ್ಧ ಹೇಳಿ, ಉಳಿದರ್ಧವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದು ಹೋಗುತ್ತಾರೆ. ನಾನೂ ಹಾಗೇ ಮಾಡಿದವಳು. ಇವತ್ತು ಮುಚ್ಚುವುದಿಲ್ಲ. ಕೇಳಿದವರು ಮುಖಕ್ಕೆ ಉಗುಳಿದರೆ ಒರೆಸಿಕೊಳ್ಳುತ್ತೇನೆ.

ನಾನು ಭೀಮಬಾಯಿ. ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಕೂಸುಗಳಿಗೆ ಎರೆಯುವವಳು. ಹೆರಿಗೆಯಾದ ಮನೆಗೆ ಬೆಳಿಗ್ಗೆ ಹೋಗಿ, ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ, ಬಿಸಿನೀರು ಎರೆದು, ಲೋಬಾನದ ಹೊಗೆ ಹಾಕಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸಿ ಬರುವುದು ನನ್ನ ಕಸುಬು. ಗಂಡ ಸತ್ತ ಮೇಲೆ ಮಗ ಹಣಮಂತರಾಯನನ್ನು ಇದೇ ಕೈಯಿಂದ ಸಾಕಿದೆ. ಗಾರ್ಡ್ ಸಾಹೇಬರ ಮೊಮ್ಮಗನಿಗೂ ನಾನೇ ಬೇಕು, ಸಿಮೆಂಟ್ ಫ್ಯಾಕ್ಟರಿಯ ಹಮಾಲರ ಮಕ್ಕಳಿಗೂ ನಾನೇ ಬೇಕು. ದವಾಖಾನೆಯ ನರ್ಸಮ್ಮ ಬಂದು, ಕೂಸಿನ ಮೂಗಿನೊಳಗೆ ಎಣ್ಣೆ ಬಿಡಬೇಡ ಎಂದು ಒಮ್ಮೆ ಬುದ್ಧಿ ಹೇಳಿದಾಗ, "ನೀ ಒಂದರ ಹಡದೀ ಏನವ್ವ?" ಎಂದು ಕೇಳಿ ಅವಳನ್ನು ಬಾಗಿಲಿಂದಲೇ ಕಳಿಸಿದವಳು ನಾನು. ಅಷ್ಟು ಸೊಕ್ಕು ಇತ್ತು.

ನನ್ನದೊಂದು ಪದ್ಧತಿ. ನಮ್ಮವ್ವನಿಂದ ಬಂದದ್ದು. ಐದನೆಯ ದಿನ ಎರೆದಾದ ಮೇಲೆ ಕೂಸನ್ನು ನೆಲದ ಮೇಲೆ ಬಟ್ಟೆ ಹಾಸಿ ಮಲಗಿಸಬೇಕು. ತಲೆಯ ಹತ್ತಿರ ಕಂಚಿನ ಗಂಗಾಳವನ್ನು ಬೋರಲು ಹಾಕಿ, ಹಿತ್ತಾಳೆಯ ಸೌಟಿನಿಂದ ಮೂರು ಸಲ ಜೋರಾಗಿ ಬಾರಿಸಬೇಕು. ಕೂಸು ಬೆಚ್ಚಿ ಎರಡೂ ಕೈ ಅಗಲಿಸುತ್ತದೆ, ಕಣ್ಣು ಪಿಳುಕಿಸುತ್ತದೆ. ಆಗ ನಾನು "ಕಿವಿ ತೆರೀತು" ಅನ್ನಬೇಕು, ಮನೆಯ ಹಿರಿಯಳು ನನ್ನ ಉಡಿಯಲ್ಲಿ ಒಂದು ಸೇರು ಜೋಳ ಹಾಕಬೇಕು. ವಾಡಿಯಲ್ಲಿ ಎಷ್ಟು ಕೂಸುಗಳ ಕಿವಿ ತೆರೆದಿದ್ದೇನೋ! ಒಂದೇ ಒಂದು ಕೂಸೂ ಬೆಚ್ಚದೆ ಉಳಿದದ್ದಿಲ್ಲ. ಅದೇ ನನ್ನ ಹೆಮ್ಮೆಯಾಗಿತ್ತು.

ಎಪ್ಪತ್ನಾಲ್ಕರ ರೈಲು ಮುಷ್ಕರ ಮುಗಿದು ಮೂರು ತಿಂಗಳಿಗೆ ನನ್ನ ಸೊಸೆ ಶಿವಕಾಂತಮ್ಮ ಹೆಣ್ಣು ಹಡೆದಳು. ಚೊಚ್ಚಿಲು ಹೆರಿಗೆ, ತವರಲ್ಲೇ ಆಗಬೇಕಿತ್ತು. ಆದರೆ ಕಾಗಿಣಾ ಹೊಳೆ ತುಂಬಿ ದಂಡೋತಿಯ ದಾರಿ ಬಂದ್ ಆಗಿದ್ದರಿಂದ ನಮ್ಮ ಕ್ವಾರ್ಟರ್ಸಿನಲ್ಲೇ ಆಯಿತು. ನನ್ನ ಅತ್ತೆಯ ಹೆಸರೇ ಇಟ್ಟೆವು, ಪೀರಮ್ಮ. ಐದನೆಯ ದಿನ ಗಂಗಾಳ ಬಾರಿಸಿದೆ. ಕೂಸು ಬೆಚ್ಚಿತು. "ಕಿವಿ ತೆರೀತು" ಎಂದು ನಾನೇ ಹೇಳಿ, ನನ್ನ ಉಡಿಯಲ್ಲಿ ನಾನೇ ಜೋಳ ಹಾಕಿಕೊಂಡು ನಕ್ಕೆ.

ನಮ್ಮ ಮನೆಯ ನೆಲವೆಲ್ಲ ಶಹಾಬಾದದ ಫರಸಿ ಕಲ್ಲು. ಹಿಂದೆಯೇ ರೈಲು ಹಳಿ. ಗೂಡ್ಸ್ ಗಾಡಿ ಬಂದರೆ ಅಡುಗೆಮನೆಯ ಪಾತ್ರೆಗಳು ಗಲಗಲ ಅನ್ನುತ್ತವೆ. ಮೊಮ್ಮಗಳು ನೆಲದ ಮೇಲೆ ಮಲಗಿದ್ದರೆ, ಗಾಡಿಯ ಸದ್ದು ನಮ್ಮ ಕಿವಿಗೆ ಬೀಳುವ ಮೊದಲೇ ಕಣ್ಣು ತೆರೆದು ಕೈಕಾಲು ಆಡಿಸುತ್ತಿದ್ದಳು. ನಾನು ಓಣಿ ತುಂಬ ಹೇಳಿಕೊಂಡು ತಿರುಗಿದೆ. "ನಮ್ಮ ಪೀರಿ ಕಿವಿ ಅಂದ್ರ ಕಿವಿ! ಗಾಡಿ ಸಿಗ್ನಲ್ ದಾಟೋದ್ರಾಗ ಇಕಿಗಿ ಗೊತ್ತಾಗ್ತದ. ರೈಲ್ವೆದಾಗ ನೌಕರಿ ಪಕ್ಕಾ ನೋಡು!" ಎಂದು ಪಕ್ಕದ ಮನೆಯ ಮಾಳಮ್ಮನ ಮುಂದೆ ದಿನಾ ಹೇಳುವುದೇ. ಮಾಳಮ್ಮ "ಹೆತ್ತವರಿಗಿ ಹೆಗ್ಗಣ ಮುದ್ದು ಅಂತಾರ, ನಿನಗ ಮೊಮ್ಮಗಳ ಕಿವೀನೂ ಮುದ್ದೇ ಆಗ್ಯದ" ಎಂದು ನಗುತ್ತಿದ್ದಳು.

ಕೂಸಿಗೆ ಐದು ತಿಂಗಳಾದಾಗ ಒಂದು ಬೆಳಿಗ್ಗೆ ಶಿವಕಾಂತಮ್ಮ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತದೆ ಮೆಲ್ಲಗೆ ಮಾತು ತೆಗೆದಳು.

"ಅತ್ತಿ, ಕೂಸಿಗಿ ಕೇಳಸ್ತದೋ ಇಲ್ಲೋ ಅಂತ ನನಗ ಅನುಮಾನ ಬರ್ಲಿಕತ್ತದರಿ."

"ಬಿಡ್ತು ಅನ್ನು!" ನಾನು ಚೀರಿದೆ. "ಮೊದಲ ಬಿಡ್ತು ಅನ್ನು!"

"ಬಿಡ್ತುರಿ. ಆದ್ರ ನೀವೇ ನೋಡ್ರಿ. ಬೆನ್ನ ಹಿಂದ ನಿಂತು ಕರದ್ರ ತಿರಗಿ ನೋಡಂಗಿಲ್ಲ, ಎದುರಿಗಿ ಬಂದ್ರ ನಗ್ತಾಳ. ಮಾಳಮ್ಮನ ಮೊಮ್ಮಗ ತನ್ನವ್ವನ ದನಿ ಕೇಳಿದ್ರೇ ಅಳೋದು ಬಿಡ್ತಾನ, ಇಕಿ ನನ್ನ ಮುಖ ಕಂಡ ಮ್ಯಾಲೇ ಬಿಡ್ತಾಳ. ನೆಲದ ಮ್ಯಾಲ ಮಲಗಿಸಿದ್ರ ಗಾಡಿ ಬಂದಾಗ ಏಳ್ತಾಳ ಖರೆ, ತೊಟ್ಲಾಗ ಇದ್ರ ಏಳಂಗೇ ಇಲ್ಲ. ಗುಲ್ಬರ್ಗಾದಾಗ ಕಿವಿ ಡಾಕ್ಟರ್ ಅದಾರಂತ. ಒಮ್ಮಿ ತೋರ್ಸಮ್ರಿ."

ಇಷ್ಟನ್ನೂ ಆ ಹುಡುಗಿ ಐದು ತಿಂಗಳಲ್ಲಿ ಕಂಡಿದ್ದಳು. ಊರ ಕೂಸುಗಳಿಗೆಲ್ಲ ಎರೆದ ನಾನು ಇದರಲ್ಲಿ ಒಂದನ್ನೂ ಕಂಡಿರಲಿಲ್ಲ. ಕಂಡಿರಲಿಲ್ಲ ಎನ್ನುವುದಕ್ಕಿಂತ, ಸೊಸೆ ಕಂಡದ್ದನ್ನು ನಾನು ಕಾಣುವುದು ಹೇಗೆ ಎಂಬ ಬಿಂಕ. ಬಾಯಿಗೆ ಬಂದದ್ದು ಅಂದೆ.

"ನಿಮ್ಮ ದಂಡೋತಿ ಮಂದಿನೇ ಗುಮ್ಮನಗುಸುಕರು, ನಿನ್ನ ಕೂಸು ಹ್ಯಾಂಗ ವಟವಟ ಅಂದೀತು? ಗಂಗಾಳ ಬಾರ್ಸೀನಿ, ಬೆಚ್ಚ್ಯಾಳ. ನನಗಿಂತ ನಿನಗ ಹೆಚ್ಚಿಗಿ ಗೊತ್ತದೇನು? ಹೆಣ್ಣ ಕೂಸು ಅದು. ಕಿವುಡಿ ಅಂತ ಒಮ್ಮಿ ಹೆಸರ ಬಿದ್ರ ನಾಳಿ ಯಾರ ಮಾಡ್ಕೋತಾರ? ಹಡದ ಬಾಯಿಂದ ಇಂಥಾ ಮಾತು ಬರ್ತಾವ, ನಿನ್ನ ಬಾಯಾಗ ಮಣ್ಣ ಬೀಳ್ಲಿ!"

ಅವಳು ರೊಟ್ಟಿ ತಿರುವಿ ಹಾಕಿದಳು. ಹಣಮಂತರಾಯ ಹಳಿ ರಿಪೇರಿಯ ಗ್ಯಾಂಗಿನ ಕೆಲಸದಿಂದ ದಣಿದು ಬಂದಾಗ ಅವನ ಮುಂದೆಯೂ ಹೇಳಿದ್ದಾಳೆ. ಅವನು "ಕೂಸಿನ ಮಾತು ನಮ್ಮವ್ವಗ ಬಿಡು, ಆಕಿಗಿ ಎಲ್ಲಾ ಗೊತ್ತದ" ಎಂದನಂತೆ. ಆ ಮಾತು ಕೇಳಿ ನನಗೆ ಭಾಳ ಸಂತೋಷವಾಗಿತ್ತು.

ಎಂಟು ತಿಂಗಳಾದಾಗ ಅವಳು ನನಗೆ ಹೇಳದೆ ನರ್ಸಮ್ಮನನ್ನು ಕೇಳಿದಳು. ಮೊದಲು ಅಬ್ಬಬ್ಬ, ಬಬ್ಬಬ್ಬ ಅನ್ನುತ್ತಿದ್ದ ಕೂಸು ಈಗ ಅದನ್ನೂ ಬಿಟ್ಟಿದೆ ಎಂದು ಹೇಳಿ ಅತ್ತಳಂತೆ. ನರ್ಸಮ್ಮ ನೇರ ನಮ್ಮ ಮನೆಗೇ ಬಂದು, ಮಗುವನ್ನು ಗುಲ್ಬರ್ಗಾಕ್ಕೆ ಒಯ್ಯಿರಿ, ಇಂಥದ್ದರಲ್ಲಿ ತಡ ಮಾಡಬಾರದು ಎಂದಳು. ಅಂಗಳದಲ್ಲಿ ನಾಲ್ಕು ಜನ ನಿಂತು ಕೇಳಿಸಿಕೊಂಡರು. ನನ್ನ ಮನೆಯಲ್ಲಿ, ನನ್ನ ಮೊಮ್ಮಗಳ ವಿಷಯವನ್ನು, ನನಗೇ ಹೇಳುವವಳು ಇವಳ್ಯಾರು? ನನ್ನ ತಲೆ ಕಾದ ಹಂಚಾಯಿತು.

ಮರುದಿನ ಶುಕ್ರವಾರ. ಓಣಿಯ ಹೆಂಗಸರನ್ನೆಲ್ಲ ಕರೆದೆ. ಪೀರಮ್ಮನನ್ನು ನಡುಮನೆಯ ಫರಸಿಯ ಮೇಲೆ ಕೂಡಿಸಿದೆ. ಅವಳ ಬೆನ್ನ ಹಿಂದೆ ಅದೇ ಕಲ್ಲಿನ ಮೇಲೆ ಗಂಗಾಳ ಬೋರಲು ಹಾಕಿದೆ.

ಆಗ ಶಿವಕಾಂತಮ್ಮ ಒಂದೇ ಒಂದು ಮಾತು ಕೇಳಿದಳು. "ಅತ್ತಿ, ಕೂಸಿನ್ನ ನನ್ನ ತೊಡಿ ಮ್ಯಾಲ ಕುಂದ್ರಿಸ್ಕೋತೀನಿ. ಗಂಗಾಳ ಕೈಯಾಗ ಹಿಡದು ಬಾರಸ್ರಿ."

"ಯಾಕ, ಕೂಸು ಅಲುಗದಂಗ ಅವಚಿ ಹಿಡೀಲಿಕ್ಕೇನು? ಇಲ್ಲಾ ಕಿವಿ ಮುಚ್ಚಲಿಕ್ಕೇನು?" ಎಂದೆ. ಹೆಂಗಸರು ನಕ್ಕರು.

ಸೌಟು ಎತ್ತಿ ಬಾರಿಸಿದೆ. ಪೀರಮ್ಮ ಮೈಯೆಲ್ಲ ಬೆಚ್ಚಿ, ತಿರುಗಿ ನೋಡಿದಳು. ಎರಡನೆಯ ಸಲವೂ ತಿರುಗಿದಳು. ಮೂರನೆಯ ಸಲಕ್ಕೆ ಅಳು ತೆಗೆದಳು. ಹೆಂಗಸರು ಹೋ ಎಂದರು. "ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ ಅಂತಾರ. ಭೀಮಬಾಯಿ ಕಾಲ ಇನ್ನಾ ಮುಗಿದಿಲ್ಲ ತಗೋ!" ಎಂದಳು ಮಾಳಮ್ಮ.

ಅಷ್ಟಕ್ಕೇ ಬಿಟ್ಟೆನೇ? ಬಿಡಲಿಲ್ಲ. ಗಲ್ಲ ಬಡಿದುಕೊಂಡು ತಪ್ಪಾಯಿತು ಅನ್ನು ಎಂದೆ. ಎಲ್ಲರ ಮುಂದೆ. ಆ ಹುಡುಗಿ ಎಡಗೈಯಿಂದ ಕೂಸನ್ನು ಅವಚಿಕೊಂಡು, ಬಲಗೈಯಿಂದ ತನ್ನ ಗಲ್ಲ ಎರಡನ್ನೂ ಬಡಿದುಕೊಂಡಳು. "ತಪ್ಪಾತ್ರಿ ಅತ್ತಿ" ಎಂದಳು. ಇಪ್ಪತ್ತೊಂದು ವರ್ಷದ ಹುಡುಗಿ. ನಾನು ವೀಳ್ಯದೆಲೆ ಹಂಚಿದೆ.

ಅಂದಿನಿಂದ ಅವಳು ನನ್ನೊಂದಿಗೆ ಬೇಕಾದಷ್ಟೇ ಮಾತಾಡಿದಳು. ನೀರು ಕಾದಾವರಿ, ಊಟಕ್ಕ ಏಳ್ರಿ, ಇಷ್ಟೇ. ಸೊಸೆ ಹದಕ್ಕೆ ಬಂದಳು ಎಂದು ನಾನು ತಿಳಿದೆ.

ಮುಂದಿನ ಎಳ್ಳ ಅಮಾವಾಸ್ಯೆಗೆ ದಂಡೋತಿಯ ಬೀಗರು ಕರೆಯಲು ಬಂದರು. ಸೊಸೆ, ಮೊಮ್ಮಗಳ ಜೊತೆ ನಾನೂ ಹೋದೆ. ಪೀರಮ್ಮನಿಗೆ ಆಗ ಒಂದು ವರ್ಷ ನಾಲ್ಕು ತಿಂಗಳು. ನಡೆಯುತ್ತಿದ್ದಳು, ಓಡುತ್ತಿದ್ದಳು. ಒಂದು ಮಾತೂ ಇಲ್ಲ. ಬೀಗಿತ್ತಿ "ಇನ್ನಾ ಅವ್ವ ಅನ್ನಂಗಿಲ್ಲೇನ್ರಿ?" ಎಂದು ಕೇಳಿದರೆ, "ಕೆಲವೊಂದು ಕೂಸು ತಡಾ ಮಾಡ್ತಾವ್ರಿ" ಎಂದು ನಾನೇ ಉತ್ತರ ಕೊಡುತ್ತಿದ್ದೆ. ಹಬ್ಬದ ದಿನ ಎಲ್ಲರೂ ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಬಂಡಿಯಲ್ಲಿ ಹೊಲಕ್ಕೆ ಹೋದರು. ನನಗೆ ಮೊಣಕಾಲು ನೋವು. ಮೊಮ್ಮಗಳಿಗೆ ನೆಗಡಿ. ನಾವಿಬ್ಬರೇ ಮನೆಯಲ್ಲಿ ಉಳಿದೆವು.

ಆ ಮನೆಯದು ಸಗಣಿ ಸಾರಿಸಿದ ಮಣ್ಣಿನ ನೆಲ. ಪೀರಮ್ಮ ಗೋಡೆಯ ಕಡೆ ಮುಖ ಮಾಡಿ ಕೂತು ಶೇಂಗಾ ಸಿಪ್ಪೆಗಳನ್ನು ಸಾಲು ಇಡುತ್ತಿದ್ದಳು. ನನಗೆ ಬೇಸರ ಬಂದಿತ್ತು. ಸ್ವಲ್ಪ ಆಟವಾಡಿಸೋಣ ಎಂದು ಬೀಗರ ಗಂಗಾಳ ಇಳಿಸಿ, ಅವಳ ಹಿಂದೆ ನೆಲದ ಮೇಲೆ ಬೋರಲು ಹಾಕಿ, ಸೌಟಿನಿಂದ ಒಂದು ಏಟು ಹಾಕಿದೆ.

ಅವಳು ತಿರುಗಲಿಲ್ಲ.

ಇನ್ನೊಂದು ಹಾಕಿದೆ. ಅಂಗಳದಲ್ಲಿ ಮಲಗಿದ್ದ ನಾಯಿ ಎದ್ದು ಓಡಿತು. ಅವಳು ಇನ್ನೊಂದು ಸಿಪ್ಪೆ ತೆಗೆದು ಸಾಲಿಗೆ ಇಟ್ಟಳು. ಗಂಗಾಳವನ್ನು ಕೈಯಲ್ಲೇ ಎತ್ತಿ ಹಿಡಿದು, ಅವಳ ತಲೆಯ ಹಿಂದೆ ಮೊಳದಷ್ಟು ದೂರದಲ್ಲಿ, ಕೈ ಸೋಲುವ ತನಕ ಬಾರಿಸಿದೆ. "ಪೀರೀ!" ಎಂದು ಗಂಟಲು ಹರಿಯುವಂತೆ ಕೂಗಿದೆ. ನನ್ನ ಕಿವಿಯೇ ಗುಂಯ್ ಅನ್ನತೊಡಗಿತು. ಅವಳು ಸಿಪ್ಪೆಯ ಸಾಲನ್ನು ನೇರ ಮಾಡುತ್ತಿದ್ದಳು.

ಸೌಟು ಕೆಳಗಿಟ್ಟು ಆ ಮಣ್ಣಿನ ನೆಲವನ್ನು ಮುಟ್ಟಿ ನೋಡಿದೆ. ನಮ್ಮ ಮನೆಯಲ್ಲಿ ಅವಳನ್ನು ಬೆಚ್ಚಿಸಿದ್ದು ಸದ್ದಲ್ಲ, ಕಲ್ಲು. ಗಂಗಾಳದ ಏಟಿಗೆ ಫರಸಿ ನಡುಗುತ್ತಿತ್ತು, ಆ ನಡುಕ ಅವಳ ಮೈಗೆ ತಾಕುತ್ತಿತ್ತು. ಗಾಡಿ ಬರುವುದೂ ಅವಳಿಗೆ ನೆಲದಿಂದಲೇ ಗೊತ್ತಾಗುತ್ತಿತ್ತು. ತೊಡೆಯ ಮೇಲೆ ಕೂಡಿಸಿಕೊಳ್ಳುತ್ತೇನೆ ಎಂದು ಅವಳ ತಾಯಿ ಕೇಳಿದ್ದು ಇದಕ್ಕೇ. ಆ ಹುಡುಗಿಗೆ ಎಲ್ಲ ತಿಳಿದಿತ್ತು. ಓಣಿಯನ್ನೆಲ್ಲ ಕರೆದು ಅವಳ ಗಲ್ಲ ಅವಳಿಂದಲೇ ಬಡಿಸಿದ್ದೆ ನಾನು.

ಈಗ ಮುಚ್ಚಿಟ್ಟ ಅರ್ಧಕ್ಕೆ ಬರುತ್ತೇನೆ. ಅವತ್ತು ಬಂಡಿ ತಿರುಗಿ ಬರುವುದರೊಳಗೆ ನಾನು ಗಂಗಾಳವನ್ನು ಒರೆಸಿ ಇದ್ದಲ್ಲೇ ಇಟ್ಟೆ. ಸೊಸೆ ಒಳಗೆ ಬಂದು "ಅತ್ತಾಳೇನ್ರಿ?" ಎಂದು ಕೇಳಿದಳು. "ಇಲ್ಲವ್ವ, ಆಡ್ಕೋತ ಕುಂತಿದ್ದಳು" ಎಂದೆ. ಅಷ್ಟೇ ಹೇಳಿದೆ.

ಬಾಯಿ ಬಿಟ್ಟರೆ ಬಣ್ಣಗೇಡು. ಹೇಳಿದರೆ ಓಣಿಯ ಹೆಂಗಸರಿಗೆ ಹೇಗೆ ಮುಖ ತೋರಿಸಲಿ, ನಾಳೆ ಯಾವ ಮನೆಯವರು ನನ್ನ ಕೈಗೆ ಕೂಸು ಕೊಟ್ಟಾರು, ಎಲ್ಲಕ್ಕಿಂತ ಹೆಚ್ಚಾಗಿ ಆ ಸೊಸೆಯ ಮುಂದೆ ಹೇಗೆ ತಲೆ ಎತ್ತಲಿ, ಇದೇ ನನ್ನ ಚಿಂತೆ. ಕೂಸಿನ ಚಿಂತೆ ಇರಲಿಲ್ಲವೇ? ಇತ್ತು. ಆದರೆ ನನ್ನ ಮಾನದ ಚಿಂತೆ ಅದಕ್ಕಿಂತ ಮುಂದೆ ನಿಂತಿತ್ತು. ಕದ್ದು ದರ್ಗಾಕ್ಕೆ ಹರಕೆ ಹೊತ್ತೆ. ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಕಿವಿಗೆ ಬಿಟ್ಟೆ. ಅದನ್ನು ಕಂಡು ಶಿವಕಾಂತಮ್ಮ "ಕಿವಿಗಿ ಯಾಕ್ರಿ ಎಣ್ಣಿ?" ಎಂದಳು. "ಥಂಡಿ ಆಗ್ಯದ" ಎಂದು ಸುಳ್ಳು ಹೇಳಿದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ ಒಳಗೆ ಹೋದಳು. ಹೀಗೆ ಒಂದಲ್ಲ, ಎರಡಲ್ಲ, ಹತ್ತು ತಿಂಗಳು. ಒಳ್ಳೆಯ ಮನುಷ್ಯರು ಒಂದು ದಿನ ಹೊತ್ತುಕೊಳ್ಳಲಾರದ ಮಾತನ್ನು ನಾನು ಹತ್ತು ತಿಂಗಳು ಹೊತ್ತು, ಊಟ ಮಾಡಿದೆ, ನಿದ್ದೆ ಮಾಡಿದೆ, ಮಂದಿಯ ಕೂಸುಗಳಿಗೆ ಎರೆದೆ. ಗಂಗಾಳವನ್ನು ಮಾತ್ರ ಕೈನೋವು ಎಂದು ಹೇಳಿ ಬಿಟ್ಟಿದ್ದೆ.

ದಸರೆಯ ಮುಂದೆ ಇಂಜಿನ್ ಶೆಡ್ಡಿನ ಗನಿಸಾಬನ ಮನೆಯಿಂದ ಕರೆ ಬಂತು. ಅವನ ಹೆಂಡತಿ ಸೈದಾನಬಿಗೆ ಮೂರು ತಿಂಗಳ ಗಂಡು ಕೂಸು. ನಾನು ಹೋದಾಗ ಕೂಸನ್ನು ನೆಲದ ಮೇಲೆ ಮಲಗಿಸಿ, ಪಕ್ಕದಲ್ಲಿ ಗಂಗಾಳ, ಸೌಟು ತಯಾರಾಗಿಟ್ಟಿದ್ದರು.

ಸೈದಾನಬಿಯ ಅತ್ತೆ ಹೇಳಿದಳು. "ನೋಡು ಭೀಮಬಾಯಿ, ನನ್ನ ಸೊಸಿಗಿ ಒಂದೇ ಫಿಕರ್. ಬಾಗಲಾ ಬಡದ್ರೂ ಕೂಸು ಎದ್ದಿಲ್ಲಂತ, ದವಾಖಾನಿಗಿ ಒಯ್ಯತೀನಿ ಅಂತಾಳ. ನೀ ನಿನ್ನ ಮೊಮ್ಮಗಳಿಗಿ ಬಾರ್ಸಿ ತೋರ್ಸಿದ್ಯಲ್ಲಾ, ಹಂಗೇ ಇದಕ್ಕೂ ಬಾರ್ಸಿ ಇಕಿ ಬಾಯಿ ಮುಚ್ಚಸು."

ಸೈದಾನಬಿ ಗೋಡೆಗೆ ಒತ್ತಿ ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು. ಆ ನೋಟವನ್ನು ನಾನು ನನ್ನ ಮನೆಯಲ್ಲಿ ಕಂಡಿದ್ದೆ. ನೆಲ ನೋಡಿದೆ. ಫರಸಿ. ಸೌಟು ಎತ್ತಿದೆ, ಕೈ ಇಳಿಯಲಿಲ್ಲ. ಒಂದು ಏಟು ಹಾಕಿದರೆ ಸಾಕಿತ್ತು. ಕೂಸು ಹೇಗಿದ್ದರೂ ಬೆಚ್ಚುತ್ತಿತ್ತು, ಒಂದು ಸೇರು ಜೋಳ ಬರುತ್ತಿತ್ತು, ಈ ಹುಡುಗಿಯ ಬಾಯಿ ಮುಚ್ಚಿಹೋಗುತ್ತಿತ್ತು.

"ಸೈದಾನಬಿ, ಕೂಸಿನ್ನ ಎತ್ತಿ ತೊಡಿ ಮ್ಯಾಲ ತಗೋ" ಎಂದೆ. ಗಂಗಾಳವನ್ನು ಎರಡು ಬೆರಳಲ್ಲಿ ತೂಗುಬಿಟ್ಟು, ನೆಲಕ್ಕಾಗಲಿ ಅವರ ಮೈಗಾಗಲಿ ತಾಗದಂತೆ ಹಿಂದೆ ನಿಂತು ಬಾರಿಸಿದೆ. ಕೂಸು ಬೆಚ್ಚಿ ಬಾಯಿ ತೆರೆದು ಅತ್ತಿತು. ದೇವರು ದೊಡ್ಡವನು. ಸೈದಾನಬಿಯೂ ಅತ್ತಳು.

"ಆದ್ರೂ ನಿನಗ ಅನುಮಾನ ಇದ್ರ ಡಾಕ್ಟರಿಗಿ ತೋರ್ಸು. ನನ್ನ ಗಂಗಾಳ ಡಾಕ್ಟರ್ ಅಲ್ಲ" ಎಂದೆ ಅವಳಿಗೆ.

"ನೆಲದ ಮ್ಯಾಲ ಯಾಕ ಬಾರಸಲಿಲ್ಲ?" ಎಂದಳು ಅತ್ತೆ.

"ನೆಲದ ಮ್ಯಾಲ ಬಾರ್ಸಿದ್ರ ಕಲ್ಲು ನಡಗ್ತದ. ಕೇಳಸದ ಕೂಸೂ ಬೆಚ್ತದ. ನನ್ನ ಮೊಮ್ಮಗಳು ಹಂಗೇ ಬೆಚ್ಚಿದ್ದಳು. ಆಕಿಗಿ ಕೇಳಸಂಗಿಲ್ಲ."

ಹೇಳಿಬಿಟ್ಟೆ. ಇನ್ನು ಸಂಜೆಯೊಳಗೆ ಓಣಿಗೆ ಗೊತ್ತಾಗುತ್ತದೆ, ಅದಕ್ಕಿಂತ ಮೊದಲು ಸೊಸೆಗೆ ಗೊತ್ತಾಗಬೇಕು ಎಂದು ಏದುಸಿರು ಬಿಡುತ್ತ ಮನೆಗೆ ಬಂದೆ. ಅವಳು ಪಾತ್ರೆ ಬೆಳಗುತ್ತಿದ್ದಳು.

"ಶಿವಕಾಂತಿ, ನೀ ಹೇಳಿದ್ದೇ ಖರೆ ಇತ್ತವ್ವ. ಪೀರಿಗಿ ಕೇಳಸಂಗಿಲ್ಲ. ಈಗ ಸೈದಾನಬಿ ಮನ್ಯಾಗ ನನಗ ತಿಳೀತು."

ನೋಡಿ! ಅಲ್ಲಿಯೂ ಅರ್ಧವೇ. ಈಗ ತಿಳಿಯಿತಂತೆ!

ಅವಳು ಕೈ ತೊಳೆದುಕೊಂಡಳು. "ನಾಳಿ ಗುಲ್ಬರ್ಗಾಕ್ಕ ಹೋಗಮ್ರಿ" ಎಂದಳು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಹಣಮಂತರಾಯನಿಗೆ ರಜೆ ಸಿಕ್ಕಿದ್ದು ಮುಂದಿನ ವಾರ. ಕಿವಿ ಡಾಕ್ಟರು ಅಮೀರ್ ಅಲಿ ಎಂಬುವರು, ವಯಸ್ಸಾದವರು, ಮೆತ್ತಗಿನ ಮಾತು. ಪೀರಮ್ಮನನ್ನು ತಾಯಿಯ ತೊಡೆಯ ಮೇಲೆ ಕೂಡಿಸಿ, ಮುಂದೆ ಒಂದು ಬಣ್ಣದ ಚೆಂಡು ಹಿಡಿದು, ಹಿಂದಿನಿಂದ ಸಣ್ಣ ಗಂಟೆ, ಕಟ್ಟಿಗೆಯ ಗಿಲಕಿ, ಒಂದು ಪುಟ್ಟ ಡೋಲು, ಒಂದೊಂದಾಗಿ ಬಾರಿಸಿ ನೋಡಿದರು. ಡೋಲಿಗೆ ಮಾತ್ರ ಅವಳ ಕಣ್ಣು ಒಂದಿಷ್ಟು ಅಲುಗಿತು. ಕಿವಿಯೊಳಗೆ ದೀಪ ಹಾಕಿ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, "ಯಾವಾಗಿಂದ ಅನುಮಾನ ಬಂತಮ್ಮ?" ಎಂದು ಶಿವಕಾಂತಮ್ಮನನ್ನು ಕೇಳಿದರು.

ಅವಳು ನನ್ನ ಕಡೆ ನೋಡಿದಳು. ಹೇಳಲೇ ಬೇಡವೇ ಎಂದು ನನ್ನ ಅಪ್ಪಣೆ ಕೇಳುವ ನೋಟ. ಡಾಕ್ಟರು ಎರಡನೆಯ ಸಲ ಕೇಳಿದರು. ಆಗಲೂ ಅವಳು ನನ್ನನ್ನೇ ನೋಡಿದಳು. "ಹೇಳವ್ವ, ಎಲ್ಲಾ ಹೇಳು" ಎಂದೆ.

ಅವಳು ಹೇಳತೊಡಗಿದಳು. ಐದನೆಯ ತಿಂಗಳಲ್ಲಿ ಕಂಡದ್ದು, ಎಂಟನೆಯ ತಿಂಗಳಲ್ಲಿ ಬಬ್ಬಬ್ಬ ನಿಂತದ್ದು, ಕಿವಿಯ ಹಿಂದೆ ಚಮಚ ಬಡಿದದ್ದು, ಕಾಗದ ಹರಿದದ್ದು, ಮಳೆಗಾಲದ ದೊಡ್ಡ ಗುಡುಗಿಗೆ ಮಾತ್ರ ಎರಡು ಸಲ ತಲೆ ಎತ್ತಿದ್ದು. ಬಾಯಿ ಚಲನೆ ನೋಡಿ ಊಟ, ನೀರು, ಬಾ ಇಷ್ಟು ತಿಳಿಯುತ್ತಾಳೆ, ತಾನೇ ಕಲಿಸಿದ್ದೇನೆ ಎಂದಳು. ನಾನು ಬಾಯಿ ಮುಚ್ಚಿಸಿದ ಮೇಲೂ ಆ ಹುಡುಗಿ ಒಬ್ಬಳೇ ಕೂತು, ನಾನು ಮಂದಿಯ ಮನೆಗೆ ಹೋದ ಹೊತ್ತಿನಲ್ಲಿ, ಇದನ್ನೆಲ್ಲ ಮಾಡಿದ್ದಳು. ಒಂದೇ ಮನೆಯಲ್ಲಿದ್ದು ನನಗೆ ಖಬರಿಲ್ಲ. ಎರಡು ವರ್ಷದಲ್ಲಿ ಅವಳು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಹಣಮಂತರಾಯ ತಲೆ ತಗ್ಗಿಸಿ ಕೂತಿದ್ದ.

"ತಾಯಿ ಬರಾಬರ್ ನೋಡ್ಯಾಳ" ಎಂದರು ಡಾಕ್ಟರು. "ಪೂರಾ ಹೋಗಿಲ್ಲ, ಜರಾ ಉಳದದ. ಎದಿಗಿ ಕಟ್ಟಿ ಕಿವಿಗಿ ಹಚ್ಚೋ ಮಷೀನ್ ಬರ್ತದ, ಅದಕ್ಕ ಬರದು ಕೊಡ್ತೀನಿ. ಮಾತೂ ಕಲಸಬಹುದು. ಆದ್ರ ಮಾತು ಕಲಿಯೋ ಹೊತ್ತು ಈ ಮೊದಲಿನ ವರ್ಷಗಳೇ. ಐದು ತಿಂಗಳಿಗೇ ತಂದಿದ್ರ ಭಾಳ ಫರಕ್ ಆಗ್ತಿತ್ತು. ಈಗ ಎರಡು ವರ್ಷ ಎರಡು ತಿಂಗಳು. ಒಂದೊಂದು ತಿಂಗಳೂ ಲುಕ್ಸಾನೇ. ಯಾಕ ತರಲಿಲ್ಲ?"

"ಆಕಿ ತರ್ತೀನಿ ಅಂದಳ್ರಿ. ನಾ ಬಿಡಲಿಲ್ಲ" ಎಂದೆ.

"ನಿಮಗ ಯಾವಾಗ ಗೊತ್ತಾತು ಅಮ್ಮಾ?"

"ಹೋದ ವಾರರಿ."

ನಾಲಿಗೆ ಸುಟ್ಟುಹೋಗಬಾರದೇ! ಅದೇ ಕೋಣೆಯಲ್ಲಿ, ಒಂದೊಂದು ತಿಂಗಳೂ 'ಲುಕ್ಸಾನ' ಎಂಬ ಮಾತು ಕೇಳಿದ ಮೇಲೂ, ಹತ್ತು ತಿಂಗಳನ್ನು ನುಂಗಿ ಕೂತೆ.

ಹಣಮಂತರಾಯ ಚೀಟಿ ಬರೆಸಲು ಒಳಗೇ ನಿಂತ. ನಾವು ಹೊರಗೆ ವರಾಂಡದ ಬೆಂಚಿಗೆ ಬಂದೆವು. ಶಿವಕಾಂತಮ್ಮ ಪೀರಮ್ಮನನ್ನು ಎತ್ತಿ, ನನ್ನ ತೊಡೆಯ ಮೇಲೆ, ನನ್ನ ಮುಖದ ಕಡೆ ಮುಖ ಮಾಡಿ ಕೂಡಿಸಿದಳು.

"ಡಾಕ್ಟರ್ ಹೇಳಿದ್ದು ಕೇಳಿದ್ರಲ್ರಿ. ಮಷೀನ್ ಬರೋತನ ಕಾಯೋದು ಬ್ಯಾಡ. ಮುಖ ಕಾಣೋ ಹಂಗ, ಹತ್ರ ಕುಂತು, ದಿನಾ ಮಾತಾಡ್ಬೇಕಂತ. ನಾ ಒಬ್ಬಾಕಿ ಸಾಲಂಗಿಲ್ರಿ. ನೀವೂ ಮಾತಾಡ್ರಿ."

"ಏನ ಮಾತಾಡ್ಲವ್ವ?"

"ಏನರ ಮಾತಾಡ್ರಿ. ಆಕಿಗಿ ಎಲ್ಲಾ ಹೊಸಾದೇ ಅದ."

ಅವಳು ಪಕ್ಕದಲ್ಲಿ ಕೂತು ಕೂಸಿನ ಬಟ್ಟೆ ಮಡಚತೊಡಗಿದಳು. ಪೀರಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು. ಜನ್ಮದಲ್ಲಿ ಯಾರೂ ನನ್ನ ಮಾತಿಗೆ ಹಾಗೆ ಕಾದು ಕೂತದ್ದಿಲ್ಲ. ಕಣ್ಣು ಪಿಳುಕಿಸದೆ, ಈಗ ಏನು ಬರುತ್ತದೆ, ಈಗ ಏನು ಬರುತ್ತದೆ ಎಂದು ನನ್ನ ತುಟಿಯ ಮೇಲೇ ಕಣ್ಣು. ಗುಬ್ಬಿ, ಕಾಗೆ, ಬೆಲ್ಲ, ಏನಾದರೂ ಅನ್ನೋಣ ಎಂದು ಬಾಯಿ ತೆರೆದೆ. ಬರಲಿಲ್ಲ. ಆ ಮುಖಕ್ಕೆ ಮೊದಲು ಬೇರೆಯದೇ ಹೇಳಬೇಕಿತ್ತು.

"ಯವ್ವಾ ಪೀರೀ" ಎಂದೆ. "ನಾ ಡಾಕ್ಟರಿಗಿ ಸುಳ್ಳ ಹೇಳ್ದೆ. ಹೋದ ವಾರ ಅಲ್ಲ. ಎಳ್ಳಮಾಸಿ ದಿನ ದಂಡೋತ್ಯಾಗ ನನಗ ಗೊತ್ತಾಗಿತ್ತು. ನಿನ್ನ ಹಿಂದ ನಿಂತು ಕೂಗಿದ್ದೆ, ನೀ ತಿರಗಲಿಲ್ಲ. ನನ್ನ ಮಾನಾ ಹೋಗ್ತದಂತ ಹತ್ತು ತಿಂಗಳು ಮುಚ್ಚಿಟ್ಟೆ. ನಿಮ್ಮವ್ವಗೂ ಹೇಳಲಿಲ್ಲ."

ಬಟ್ಟೆ ಮಡಚುತ್ತಿದ್ದ ಕೈ ನಿಂತಿತು. ನಾನು ಆ ಕಡೆ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ಪೀರಮ್ಮ ಒಂದು ಬೆರಳು ತಂದು ನನ್ನ ಕೆಳತುಟಿಯ ಮೇಲೆ ಇಟ್ಟಳು, ತನ್ನ ತುಟಿಗಳನ್ನೂ ನನ್ನಂತೆಯೇ ಸುಮ್ಮನೆ ಆಡಿಸಿದಳು. ಬೆಂಚಿನ ಆ ತುದಿಯಲ್ಲಿ ಯಾರೋ ಮುದುಕ ಕೆಮ್ಮುತ್ತಿದ್ದ.

ಆಮೇಲೆ ಶಿವಕಾಂತಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಬದಿಗಿಟ್ಟಳು. ನನ್ನ ಗದ್ದವನ್ನು ಹಿಡಿದು, ಸ್ವಲ್ಪವೂ ಮೆತ್ತಗಲ್ಲ, ಕೂಸಿನ ಮುಖಕ್ಕೆ ನೇರವಾಗಿ ತಿರುಗಿಸಿದಳು.

"ಇನ್ನೊಮ್ಮಿ ಹೇಳ್ರಿ" ಎಂದಳು. "ಸಾವಕಾಶ ಹೇಳ್ರಿ. ಆಕಿಗಿ ತುಟಿ ಕಾಣಬೇಕು."

ನಾನು ಇನ್ನೊಮ್ಮೆ ಹೇಳಿದೆ.